ಕಾಶಿಯ ಖೋಲಿಯ ಕಿಟಕಿ

ತಮ್ಮಾ ಕಾಶಿ,

ನೀನು ದುಡಿದು ಅಲ್ಲೇ ಕಣ್ಣುಮುಚ್ಚಿದ ದುಬೈಯನ್ನು ಪ್ರವಾಸಿಯಾಗಿ ನೋಡಿ ಬಂದೆ. ಅಂಕೋಲೆ ಪೇಟೆಯಲ್ಲಿ ಈಗ ನನ್ನಷ್ಟು ಎತ್ತರ ಹತ್ತಿದವ ಇನ್ನೊಬ್ಬನಿಲ್ಲ. ಒಂಟೆಯನ್ನೂ ಹತ್ತಿದೆ, ಗೋಪುರದ ತುದಿಯಲ್ಲಿ ಫೋಟೋ ತೆಗೆಸಿದೆ. ಎಲ್ಲ ಝಗಝಗ.

ನಿನ್ನ ಖೋಲಿಯ ಹೊಸ್ತಿಲಲ್ಲಿ ಒಡೆಯಲೆಂದು ನಿನ್ನ ಹೆಂಡತಿ ಮಾದಿ ಒಂದು ತೆಂಗಿನಕಾಯಿ ಕೊಟ್ಟಿದ್ದಳು. ನೀನಿದ್ದ ಕೂಲಿಯವರ ಕ್ಯಾಂಪಿಗೆ ಟೂರಿನ ಬಸ್ಸು ಹೋಗುವುದಿಲ್ಲವಂತೆ. "ಅಲ್ಲಿ ನೋಡೋದು ಏನೂ ಇಲ್ಲ ಅಂಕಲ್" ಎಂದ ಗೈಡ್. ಹುಣ್ಣಿಮೆಗೆ ನಾವು ಕಡಲಿಗೆ ಬಿಡುವ ಹಾಗೆ, ಕಾಯಿಯನ್ನು ಅವರ ಕುಣಿಯುವ ಕಾರಂಜಿಯ ಕೊಳಕ್ಕೇ ಬಿಟ್ಟೆ. ಕಾವಲಿನವ ಓಡಿ ಬಂದು ಬಲೆ ಹಾಕಿ ಎತ್ತಿದ. ಬಲೆ ಹಿಡಿಯಲೂ ಬರುವುದಿಲ್ಲ ಅವನಿಗೆ.

ನಿನ್ನೆ ಮಾದಿ ಊಟ ಬಡಿಸುತ್ತ, "ಅವ್ರ ಖೋಲಿ ನೋಡಿದ್ರಿ ಭಾವ? ಗಾಳಿ ಬರ್ತಿತ್ತಾ?" ಎಂದು ಕೇಳಿದಳು.

"ಗಾಳಿಯೇನು ಕೇಳ್ತೆ! ಇಷ್ಟು ದೊಡ್ಡ ಕಿಟಕಿ. ಮಲಗಿದಲ್ಲೇ ಸಮುದ್ರ ಕಾಣ್ತದೆ."

ಎಷ್ಟೋ ದಿನದ ಮೇಲೆ ಅವಳು ನಕ್ಕಳು. "ಹಾಗಾದ್ರೆ ಬರೂ ವರ್ಷ ನನ್ನೂ ಕರ್ಕಂಡೋಗಿ. ಆ ಕಿಟಕಿ ಹತ್ರ ಒಂದ್ಗಳಿಗೆ ಕೂತ್ಕಂತೆ" ಎಂದಳು.

ಪೇಟೆಯವರಿಗೆಲ್ಲ ದುಬೈ ನೋಡಲೇಬೇಕಾದ ಊರು ಎನ್ನುತ್ತಿದ್ದೇನೆ. ಅದು ಹೋಗುವಂಥ ಊರಲ್ಲ ಎಂದು ಮಾದಿಗೆ ಹೇಗೆ ಹೇಳಲಿ, ತಮ್ಮಾ?