ಏನನ್ನೂ ಬೇಡದ ಹೆಸರು

ಕೊಮೊಹಾಮಾ, ಮಿಯಾಗಿ
೧೪ ಮೇ ೧೯೮೩, ಮಧ್ಯಾಹ್ನ

ಪ್ರೀತಿಯ ಇವಾವೊ ಅವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ನೀವಿರುವ ಕಡೆ ಈಗ ಚಳಿ ಶುರುವಾಗುತ್ತದಂತೆ. ಅತ್ತೆ ಹೆಣೆದುಕೊಟ್ಟ ಉಣ್ಣೆಯ ಪಟ್ಟಿಯನ್ನು ಹೊಟ್ಟೆಗೆ ಕಟ್ಟಿಕೊಳ್ಳುತ್ತಿದ್ದೀರಿ ತಾನೇ? ಜೊತೆಯವರು ನಗುತ್ತಾರೆಂದು ಪೆಟ್ಟಿಗೆಯ ತಳಕ್ಕೆ ತುರುಕಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ತಿಂಗಳ ಕೊನೆಗೆ ಹಡಗಿನ ಕಂಪನಿಯವರು ಕೇಪ್‌ಟೌನಿಗೆ ಕಾಗದಗಳ ಚೀಲ ಕಳಿಸುತ್ತಾರಂತೆ, ಅದರಲ್ಲಿ ಇದೂ ಬರುತ್ತದೆ. ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂಬ ತಂತಿ ನಿಮಗೆ ಮುಟ್ಟಿದೆ ಎಂದು ತಿಳಿಯಿತು. ತಂತಿಯಲ್ಲಿ ಹಿಡಿಸದೆ ಉಳಿದದ್ದು ಎಷ್ಟೋ ಇದೆ. ತಲೆ ತುಂಬ ಕೂದಲು. ಕಿವಿ ಥೇಟು ನಿಮ್ಮದೇ, ಸ್ವಲ್ಪ ಮುಂದಕ್ಕೆ ಬಾಗಿವೆ. ಹಸಿವಾದರೆ ತಕ್ಷಣ ಅಳುವುದಿಲ್ಲ, ಮೊದಲು ಹುಬ್ಬು ಗಂಟಿಕ್ಕುತ್ತಾಳೆ, ಗಾಳದ ಹಗ್ಗ ಸಿಕ್ಕಾದಾಗ ನೀವು ಗಂಟಿಕ್ಕುವ ಹಾಗೆ. ನಿಮ್ಮ ಅಮ್ಮ ಅದನ್ನು ನೋಡಿ ನೋಡಿ ನಗುತ್ತಾರೆ. ನನಗೆ ಹಾಲು ಚೆನ್ನಾಗಿದೆ, ಊಟ ಸೇರುತ್ತಿದೆ, ಚಿಂತೆ ಮಾಡಬೇಡಿ.

ಈಗ ಹೆಸರಿನ ವಿಷಯ. ಕೂತುಕೊಂಡು ಓದಿ. ಕೊನೆಯವರೆಗೂ ಓದಿಯೇ ಕೋಪ ಮಾಡಿಕೊಳ್ಳಿ.

ಹಡಗು ಹತ್ತುವ ಮುಂಚೆ ನೀವು ಕುಂಚದಲ್ಲಿ ಬರೆದಿಟ್ಟ ಹಾಳೆಯನ್ನು ಮಗು ಹುಟ್ಟಿದ ಏಳನೆಯ ದಿನ ದೇವರ ಗೂಡಿನ ಪಕ್ಕ ಅಂಟಿಸಿದೆವು. 'ನಗಿ' ಎಂದು ಓದುವ ಒಂದೇ ಅಕ್ಷರದ ಹೆಸರು. ಗಾಳಿ ನಿಂತು ಕಡಲು ಸುಮ್ಮನಾಗುವ ಹೊತ್ತು. ಅದನ್ನು ಬರೆದ ರಾತ್ರಿ ನೀವು ಹೇಳಿದ್ದು ನನಗೆ ಮರೆತಿಲ್ಲ. ಅಪ್ಪನನ್ನು ಕಡಲು ತೆಗೆದುಕೊಂಡ ಮನೆ ಇದು, ಇಲ್ಲಿ ದಿನವೂ ಮಗುವನ್ನು ಕರೆದಷ್ಟು ಸಲವೂ ಕಡಲಿಗೆ ಶಾಂತವಾಗಿರು ಎಂದು ಹೇಳಿದ ಹಾಗಾಗುತ್ತದೆ ಎಂದಿರಿ. ನನಗೆ ಆಗ ಕಣ್ಣು ತುಂಬಿ ಬಂದಿತ್ತು. ಹೆಸರು ನೋಂದಾಯಿಸಲು ನಮಗಿರುವುದು ಎರಡೇ ವಾರ, ಅದಕ್ಕೆ ಮಗುವನ್ನು ಅತ್ತೆಯ ಮಡಿಲಿಗೆ ಕೊಟ್ಟು ಊರ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಪಟ್ಟಿಯನ್ನು ತಿರುವಿ, ಈ ಅಕ್ಷರ ಹೆಸರಿಗೆ ನಡೆಯುವುದಿಲ್ಲ ಎಂದರು. ಸರ್ಕಾರ ಒಪ್ಪಿದ ಅಕ್ಷರಗಳಲ್ಲಿ ಅದಿಲ್ಲವಂತೆ. ಮನೆಗೊಬ್ಬರು ಕಡಲಿಗೆ ಹೋಗುವ ಊರಲ್ಲಿ ಕಡಲಿನ ಅಕ್ಷರ ನಡೆಯಲ್ವಾ ಎಂದು ಕೇಳಿಯೇಬಿಟ್ಟೆ. ಪಾಪ, ಅವರ ತಮ್ಮನೂ ಹಡಗಿನಲ್ಲೇ ಇರುವುದಂತೆ, ತಲೆ ಕೆರೆದುಕೊಂಡರು. ಅರ್ಥದ ಅಕ್ಷರ ಬಿಟ್ಟು, ಮಕ್ಕಳು ಮೊದಲು ಕಲಿಯುವ ಬರೀ ಉಚ್ಚಾರದ ಲಿಪಿಯಲ್ಲಿ ಬರೆಸಿ, ಕೂಗುವುದಕ್ಕೆ ಅದೇ ಇರುತ್ತದಲ್ಲ ಎಂದರು. ಅದೂ ಸರಿ ಅನ್ನಿಸಿತು. ಅತ್ತೆಯನ್ನು ಒಂದು ಮಾತು ಕೇಳಿ ನಾಳೆ ಬರುತ್ತೇನೆಂದು ಹೇಳಿ ಬಂದೆ.

ಅತ್ತೆ ಹಿತ್ತಲ ಕಡೆಯ ಜಗಲಿಯಲ್ಲಿ ಫುಕಿ ಸೊಪ್ಪಿನ ದಂಟಿನ ನಾರು ಸುಲಿಯುತ್ತ ಕೂತಿದ್ದರು, ಬೆರಳೆಲ್ಲ ಕಪ್ಪು. ಪಕ್ಕದ ಬುಟ್ಟಿಯಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಕಚೇರಿಯ ಕಥೆ ಹೇಳಿದೆ. ಅವರು ನಿಮ್ಮ ಹಾಳೆಯನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಓದಲು ಬರುವುದು ಅಷ್ಟಕ್ಕಷ್ಟೆ, ನಿಮಗೆ ಗೊತ್ತು. ಆದರೂ ಗಾಳಿಯ ಅಕ್ಷರದ ಚೌಕಟ್ಟಿನೊಳಗೆ ನಿಂತಿರುವ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು, 'ಇದು ನಾನಲ್ವೇನೆ?' ಎಂದರು. ಹೌದು. 'ನಿಲ್ಲು' ಎನ್ನುವ ಅಕ್ಷರ ಅದು. ಅತ್ತೆಯ ಹೆಸರು, ತೊಮೆ ಎಂದರೂ ಅದೇ ತಾನೇ, ನಿಲ್ಲಿಸು, ಸಾಕು. ಸಾಲಾಗಿ ಹೆಣ್ಣು ಹುಟ್ಟಿ ಬೇಸತ್ತ ಅಪ್ಪ ಇಟ್ಟ ಹೆಸರು ಎಂಬುದಷ್ಟು ನನಗೂ ಗೊತ್ತಿತ್ತು. ಆ ಕಾಲದಲ್ಲಿ ಊರಿಗೆ ಇಬ್ಬರು ಮೂವರಾದರೂ ತೊಮೆಯರಿದ್ದರಲ್ಲ, ಅದರಲ್ಲಿ ವಿಶೇಷವೇನು ಎಂದುಕೊಂಡಿದ್ದೆ.

ಅವತ್ತು ಅವರು ಹೇಳಿದ್ದನ್ನು ನಿಮಗೆ ಯಾವತ್ತಾದರೂ ಹೇಳಿದ್ದಾರೋ ಇಲ್ಲವೋ ತಿಳಿಯದು. ಅವರು ಹುಟ್ಟಿದ ಮೇಲೂ ಹೆಣ್ಣೇ ಹುಟ್ಟಿತಂತೆ. ಅವರಪ್ಪ ಇವರ ಕಡೆ ತಿರುಗಿ, 'ನಿಲ್ಲಿಸು ಅಂತ ಹೆಸರಿಟ್ಟರೆ ಇಷ್ಟೂ ಆಗಲಿಲ್ವಾ ನಿನ್ನ ಕೈಲಿ?' ಅಂದರಂತೆ. ತಮಾಷೆಗೆ ಅಂದಿರಬಹುದು, ಒಲೆಯ ಸುತ್ತ ಕೂತವರೆಲ್ಲ ನಕ್ಕರಂತೆ. ಪುಟ್ಟ ತೊಮೆ ಮಾತ್ರ ಅದನ್ನು ನಿಜವೆಂದೇ ನಂಬಿದಳು. ಅಮ್ಮ ಇನ್ನೊಮ್ಮೆ ಬಸುರಿಯಾಗಿ, ಹಿಮ ಬೀಳುವ ಒಂದು ಬೆಳಿಗ್ಗೆ ಸೂಲಗಿತ್ತಿ ಬಂದಾಗ, ಈ ಮಗು ಹೋಗಿ ಬಾಗಿಲಿಗೆ ಅಡ್ಡ ನಿಂತಿತು. ಎರಡೂ ಕೈ ಚಾಚಿ, ಹೆಣ್ಣುಮಗುವನ್ನು ಒಳಗೆ ಬಿಡಬಾರದು ಅಂತ. ಸೂಲಗಿತ್ತಿ ಇವರ ರಟ್ಟೆ ಹಿಡಿದೆತ್ತಿ ಪಕ್ಕಕ್ಕಿಟ್ಟು ಒಳಗೆ ಹೋದಳು. ಮತ್ತೆ ಹೆಣ್ಣೇ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಆದರೆ ಸಂಜೆಯವರೆಗೆ ತಾನೇ ಕೊಟ್ಟಿಗೆಯಲ್ಲಿ ಕುದುರೆಯ ಹಿಂದೆ ಅಡಗಿ ಕೂತಿದ್ದೆ ಎಂದರು. ಇಷ್ಟನ್ನೂ ದಂಟು ಸುಲಿಯುತ್ತಲೇ, ತಲೆ ಎತ್ತದೆ ಹೇಳಿದರು. ಆಮೇಲೆ ಮಗುವಿನ ಕಡೆ ನೋಡಿ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: 'ಕಡಲು ಸುಮ್ಮನಿರಲಿ ಅಂತ ಇದಕ್ಕೆ ಹೆಸರಿಡ್ತೀರಿ. ಒಂದಿನ ಕಡಲು ಸುಮ್ಮನಿರಲಿಲ್ಲ ಅನ್ನು. ಆಗ ಇದು ಎಲ್ಲಿ ಹೋಗಿ ಅಡಗಬೇಕು, ಹೇಳು?'

ನೀವು ಪ್ರೀತಿಯಿಂದಲೇ ಆರಿಸಿದ ಹೆಸರು ಎಂದು ಅವರಿಗೂ ಗೊತ್ತು, ಹಾಗೆಂದು ಅವರೇ ಹೇಳಿದರು. ನಿಮಗೆ ಇವಾವೊ, ಬಂಡೆ ಎನ್ನುವ ಹೆಸರಿಟ್ಟಿದ್ದು ಮಾವನವರಂತೆ. ಹಾಗಿಟ್ಟರೂ ಕಪ್ಪೆ ಕಂಡರೆ ನನ್ನ ಬೆನ್ನ ಹಿಂದೆ ಓಡಿ ಬರುತ್ತಿದ್ದೆ, ಬಂಡೆ ಅಳಬಾರದು ಅಂತ ನಿನ್ನಪ್ಪ ಗದರಿದಾಗ ನನ್ನ ಬಟ್ಟೆಯ ಚುಂಗು ಕಚ್ಚಿಕೊಂಡು ಸದ್ದಿಲ್ಲದೆ ಅಳುತ್ತಿದ್ದೆ ಎಂದು ನಿಮ್ಮನ್ನೇ ಎದುರಿಗೆ ಕೂರಿಸಿಕೊಂಡ ಹಾಗೆ ಹೇಳಿ ನಕ್ಕರು. ನಾನೂ ನಕ್ಕೆ.

ಹೆಸರು ನೀವೇ ಹೇಳಿ ಅತ್ತೆ ಎಂದೆ. ನಂಗೇನು ತಿಳಿಯತ್ತೆ, ಓದಿದವಳು ನೀನು ಎಂದರು. ಅವರ ಮುಂದಿದ್ದ ಇನ್ನೊಂದು ಬುಟ್ಟಿಯ ತುಂಬ ಫುಕಿಯ ಕೊಡೆಯಂಥ ಎಲೆಗಳಿದ್ದವು. ಇದು ಯಾರನ್ನಾದರೂ ಏನಾದರೂ ಕೇಳುತ್ತದೆಯೇ ಎಂದು ಸುಮ್ಮನೆ ಕೇಳಿದೆ. 'ಫುಕಿಯಾ? ಇದೇನು ಕೇಳತ್ತೆ. ಯಾರೂ ನೆಟ್ಟಿಲ್ಲ, ನೀರು ಹಾಕಿಲ್ಲ, ಹಿಮ ಕರಗೋ ಮುಂಚೆನೇ ತಲೆ ಎತ್ತಿರತ್ತೆ' ಎಂದರು. ನಾನು ಅವರ ಮುಖವನ್ನೇ ನೋಡಿದೆ. ಅವರಿಗೆ ಹೊಳೆಯಿತು. ಅಯ್ಯೋ ಹುಚ್ಚಿ, ಪಲ್ಯದ ಸೊಪ್ಪಿನ ಹೆಸರಿಡ್ತೀಯಾ ಮಗುಗೆ ಎಂದು ಬೈದರು, ಆದರೆ ಸ್ವಲ್ಪ ಹೊತ್ತಿಗೆ ಮಗುವಿನ ಬುಟ್ಟಿಯ ಮೇಲೆ ಬಗ್ಗಿ 'ಫುಕಿ' ಎಂದು ಮೆಲ್ಲಗೆ ಒಮ್ಮೆ ಕರೆದು ನೋಡಿದರು. ಮಗು ಎಚ್ಚರಾಗಲಿಲ್ಲ, ಹುಬ್ಬೂ ಗಂಟಿಕ್ಕಲಿಲ್ಲ.

ಒಂದೇ ಹಟ ಹಿಡಿದರು: ತನ್ನ ಹೆಸರಿನ ಹಾಗೆ ಬಕೇಟಿನ ಮೇಲಿನ ಗುರುತಿನಂತೆ ಉಚ್ಚಾರದ ಲಿಪಿಯ ಎರಡು ಗೀಟಲ್ಲಿ ಬರೆಸಬಾರದು, ಅರ್ಥದ ಅಕ್ಷರವೇ ಬೇಕು. ಮತ್ತೆ ಕಚೇರಿಗೆ ಹೋದೆ. ಪಟ್ಟಿಯಲ್ಲಿ ಫುಕಿಯ ಅಕ್ಷರವಿದೆ, ಎರಡು ವರ್ಷದ ಹಿಂದಷ್ಟೇ ಸೇರಿಸಿದ್ದಂತೆ. ಗುಮಾಸ್ತರು ನನಗಿಂತ ಹೆಚ್ಚು ಸಂತೋಷಪಟ್ಟರು. ಮೇಲೆ ಹುಲ್ಲು, ಕೆಳಗೆ ದಾರಿ, ಬಹಳ ಗೆರೆಗಳ ಅಕ್ಷರ. ಅತ್ತೆ ಅದನ್ನು ಅಡುಗೆಮನೆಯ ಕಿಟಕಿಯ ಆವಿಯ ಮೇಲೆ ಬೆರಳಲ್ಲಿ ಬರೆದು ಬರೆದು ಕಲಿತರು. ನಿನ್ನೆ ಹೊಸ ಹಾಳೆಯ ಮೇಲೆ ಅವರೇ ಬರೆದರು. ಒಂದು ಕಡೆಗೆ ವಾಲಿದೆ, ಶಾಯಿಯ ಒಂದು ಹನಿಯೂ ಬಿದ್ದಿದೆ. ಇನ್ನೊಂದು ಹಾಳೆ ಕೊಡಲೇ ಎಂದರೆ ಬೇಡವೆಂದರು. ನಿಮ್ಮ ಹಾಳೆಯನ್ನು ಮಡಿಸಿ ಮಾವನವರ ಫೋಟೊದ ಹಿಂದಿಟ್ಟಿದ್ದಾರೆ. ಶಾಂತಿ ಬೇಕಾಗಿರುವುದು ಅವರಿಗೆ, ಅಲ್ಲಿರಲಿ ಎಂದರು.

ನಿಮ್ಮನ್ನು ಕೇಳದೆ ಮಾಡಿದೆ. ಕೇಳುವಷ್ಟು ಹತ್ತಿರದಲ್ಲಿ ನೀವಿರಲಿಲ್ಲ. ನೊಂದುಕೊಂಡರೆ ನನ್ನ ಮೇಲೆ ನೊಂದುಕೊಳ್ಳಿ, ಅಮ್ಮನ ಮೇಲಲ್ಲ.

ಮಗಳ ಕಾಲಿನ ಅಚ್ಚನ್ನು ಈ ಹಾಳೆಯ ಬೆನ್ನಿಗೆ ಒತ್ತಿದ್ದೇನೆ. ಅಮ್ಮನ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಒದ್ದೆ ಕಾಲುಚೀಲದಲ್ಲಿ ಮಲಗಬೇಡಿ.

ನಿಮ್ಮ ದಾರಿ ನೋಡುತ್ತಿರುವ,
ಕಿನುಯೆ

ಮರೆತೆ: ಪಕ್ಕದ ಮನೆಯ ಓನೊದೆರಾ ಮಾಮನಿಗೆ ವಯಸ್ಸಾಯಿತು. ಸಿಂಪಿ ಸಾಕುವ ತೆಪ್ಪಗಳನ್ನು ನೋಡಿಕೊಳ್ಳಲು ಜೊತೆಗೊಬ್ಬರು ಬೇಕಂತೆ, ನೀವು ಬರುವವರೆಗೆ ಕಾಯುತ್ತಾರಂತೆ. ಕೊಲ್ಲಿಯೊಳಗೇ ಕೆಲಸ, ಸಂಜೆಗೆ ಮನೆ. ಸಂಪಾದನೆ ಕಡಿಮೆ ಎಂದು ಗೊತ್ತು. ಆದರೂ ಮುಂದಿನ ಸಲ ದೂರದ ಹಡಗಿಗೆ ಹೋಗಬೇಡಿ. ಇದು ನನ್ನ ಬೇಡಿಕೆ, ಮಗುವಿನ ಹೆಸರಿನೊಳಗೆ ಬಚ್ಚಿಡದೆ ನಿಮ್ಮನ್ನೇ ಕೇಳುತ್ತಿದ್ದೇನೆ.