ಅಲ್ಮಾಟಿಯಿಂದ ಆಂಕರೇಜಿಗೆ ಒಂದು ಗೇಣು

ಅಲ್ಮಾಟಿ
ಅಕ್ಟೋಬರ್ 14

ನನ್ನ ಕುದುರೆಮರಿ ರೈಹಾನ್‌ಗೆ,

ಅಲಾಸ್ಕಾದ ಆಂಕರೇಜ್ ತಲುಪಿದೆನೆಂಬ ನಿನ್ನ ಪತ್ರ ಕೈಸೇರಿತು. ಹಿಮನದಿಯ ಅಂಚಿನಲ್ಲಿ ನಿಂತು ಅದರೊಳಗಿನ ಗುಡುಗು ಕೇಳಿದೆನೆಂದು ಬರೆದಿದ್ದೀಯೆ. ಆ ಸಾಲನ್ನು ನಾಲ್ಕು ಬಾರಿ ಓದಿದೆ. ಈಗ ನಾನು ನಿನ್ನೆದುರು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಿನ್ನ ತಾಯಿ ಕುಲ್ಯಾಶ್ ಅಂಗೈ ಬಿಚ್ಚಿ ಹರಸದೆ ನೀನು ಓದಲು ಹೊರಡುತ್ತಿರಲಿಲ್ಲ. ಅವಳೋ ಹರಸಲು ಒಪ್ಪಿರಲಿಲ್ಲ. ಜುಲೈ ತಿಂಗಳ ಒಂದು ಮಧ್ಯಾಹ್ನ ನನ್ನ ಶಾಲೆಗೇ ಬಂದು, ಗೋಡೆಯ ಭೂಪಟದಲ್ಲಿ ಬಲಗೈಯನ್ನು ಅಲ್ಮಾಟಿಯ ಮೇಲಿಟ್ಟು, ಎಡಗೈಯನ್ನು ಅಲಾಸ್ಕಾದತ್ತ ಚಾಚಿದಳು. ಬೆರಳು ಮುಟ್ಟಲಿಲ್ಲ.

"ನೋಡಿ ನೂರ್ಜಮಾಲಕ್ಕ, ಎರಡು ತೋಳಿಗೂ ಸಿಗದಷ್ಟು ದೂರ. ಎಲ್ಲಾ ನಿಮ್ಮಿಂದ್ಲೇ. ಬೇರೆ ಯಾರಾದ್ರೂ ಈ ದಾರ ಕತ್ತರಿಸಿದ್ದಿದ್ರೆ ಮಗಳು ಬಜಾರ್‌ವರೆಗೆ ಹೋಗಿ ವಾಪಸ್ ಬರೋಳು."

ನೀನು ಮೊದಲ ಹೆಜ್ಜೆಯಿಟ್ಟಾಗ ನಮ್ಮ ಪದ್ಧತಿಯಂತೆ ನಿನ್ನ ಕಾಲಿಗೆ ಕಟ್ಟಿ ಕತ್ತರಿಸಿದ್ದ ಕಪ್ಪು-ಬಿಳಿ ದಾರವನ್ನು ಅವಳು ಮೇಜಿನ ಮೇಲೆ ಎಸೆದಳು. ನನ್ನ ಚುರುಕು ನಡಿಗೆ ನಿನಗೂ ಬರಲೆಂದು ಅಂದು ನನ್ನ ಕೈಗೆ ಕತ್ತರಿ ಕೊಟ್ಟವಳು ಅವಳೇ. ಅದನ್ನು ನೆನಪಿಸುವ ಧೈರ್ಯ ನನಗಾಗಲಿಲ್ಲ. ಕಪಾಟಿನ ಮೇಲಿನ ಗ್ಲೋಬ್ ಇಳಿಸಿ, ದಾರದ ತುದಿಯನ್ನು ಅಲ್ಮಾಟಿಯ ಮೇಲೊತ್ತಿ, ಉತ್ತರಕ್ಕೆ ಬಿಗಿಯಾಗಿ ಎಳೆದೆ.

ರೈಹಾನ್, ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು ನಾನು. ಆದರೂ ಮೈ ಜುಮ್ಮೆಂದಿತು. ದಾರ ಸೈಬೀರಿಯಾವನ್ನು ದಾಟಿ, ಹೆಪ್ಪುಗಟ್ಟಿದ ಸಮುದ್ರವನ್ನು ಸವರಿ, ಆಚೆ ಇಳಿದು ಆಂಕರೇಜನ್ನು ಮುಟ್ಟಿತು. ನಿನ್ನ ತಾಯಿ ಅದರ ಮೇಲೆ ಕೈಯಿಟ್ಟಳು: ಹೆಬ್ಬೆರಳು ನಮ್ಮೂರಿನಲ್ಲಿ, ಕಿರುಬೆರಳು ನಿನ್ನ ಊರಿನಲ್ಲಿ. ಒಂದೇ ಗೇಣು. ಗೋಡೆಯ ಮೇಲೆ ಎರಡು ಅಂಚುಗಳಿಗೆ ಚದುರಿ ಬಿದ್ದಿದ್ದ ಲೋಕ ಅವಳ ಅಂಗೈಯ ಕೆಳಗೆ ದುಂಡಗೆ ಕೂಡಿಕೊಂಡಿತ್ತು.

ಎಷ್ಟು ಹೊತ್ತಿನ ದಾರಿಯೆಂದು ಕೈ ತೆಗೆಯದೆ ಕೇಳಿದಳು. ಏಳು ಸಾವಿರದ ಆರುನೂರು ಕಿಲೋಮೀಟರು, ಎಂಟೂವರೆ ಗಂಟೆ ಎಂದೆ. ಲೆಕ್ಕ ಸರಿಯೇ. ಆದರೆ ಆ ಗೆರೆಗುಂಟ ನಮ್ಮೂರಿನಿಂದ ಯಾವ ವಿಮಾನವೂ ಹೋಗುವುದಿಲ್ಲ, ನೀನು ಮೂರು ವಿಮಾನ ಬದಲಿಸಿ ಎರಡು ದಿನ ಸಾಗಬೇಕು ಎಂಬುದನ್ನು ಹೇಳಲಿಲ್ಲ. ಅಂದು ಸಂಜೆಯೇ ಅವಳು ನಿನ್ನನ್ನು ಹರಸಿದಳು.

ಅರ್ಧ ಸತ್ಯಕ್ಕೆ ದೊರೆತ ಆಶೀರ್ವಾದ ನಿನ್ನನ್ನು ಕಾಯುವುದೇ ಎಂಬ ಅಳುಕಿನಿಂದ, ನೀನು ಹೊರಟಂದಿನಿಂದ ಅವಳ ಕಣ್ಣು ತಪ್ಪಿಸಿ ನಡೆಯುತ್ತಿದ್ದೇನೆ. ನಾಳೆ ಎಲ್ಲವನ್ನೂ ಹೇಳಿಬಿಡುತ್ತೇನೆ. ಅವಳು ಸಿಟ್ಟಾದರೆ ನೀನು ಅವಳ ಪರವೇ ನಿಲ್ಲು.

ನಿನ್ನ ಹೆಜ್ಜೆಗಳನ್ನು ಹೆಮ್ಮೆಯಿಂದ ಎಣಿಸುವ,
ನೂರ್ಜಮಾಲ್

ಮ.ವಿ.: ಹದಿನೈದನೆಯ ತಾರೀಖು. ಹೇಳಿದೆ. ಅವಳು ಹಿಟ್ಟು ನಾದುತ್ತಲೇ ಇದ್ದಳು. "ಮೂರು ವಿಮಾನ ಅಂತ ಮಗಳು ಟಿಕೆಟ್ ತೋರ್ಸಿ ನಾನು ಹರಸೋಕೆ ಮುಂಚೆನೇ ಹೇಳಿದ್ಲು. ನೀವು ಅಷ್ಟು ಆಸೆಯಿಂದ ಹೇಳ್ತಿದ್ರಿ, ಸುಮ್ನಿದ್ದೆ." ಆಮೇಲೆ ಕೈ ಒರೆಸಿಕೊಂಡು ಪಾಸ್‌ಪೋರ್ಟಿನ ಎರಡು ಅರ್ಜಿಗಳನ್ನು ತಂದಿಟ್ಟಳು, ಒಂದು ನನ್ನ ಹೆಸರಿನದು. ನಾನು ಇದುವರೆಗೆ ವಿಮಾನವನ್ನೇ ಹತ್ತಿಲ್ಲವೆಂಬುದು ಅವಳಿಗೆ ಹೇಗೆ ತಿಳಿಯಿತೋ. ಕಿಟಕಿಯ ಪಕ್ಕದ ಜಾಗ ನನಗೇ ಅಂತೆ.