ಒಪ್ಪತ್ತಿನ ದಿನದ ಮಾತ್ರೆ

ನಮ್ಮ ಮನೆಯವರಿಗೆ,

ರಸೆಲ್ ಮಾರುಕಟ್ಟೆಯಿಂದ ಬಾಡಿದ ಸೊಪ್ಪು ತಂದ ದಿನ ನನ್ನ ಬಾಯಿಗೆ ಹೆದರಿ ಹಿಂಬಾಗಿಲಿಂದ ಬರುತ್ತಿದ್ದಿರಲ್ಲ? ಈಗ ಬಂದು ನೋಡಿ, ಆ ಬಾಯಲ್ಲಿ ಎಂಜಲೂ ಇಲ್ಲ, ನಾಲಿಗೆ ಅಂಟಿಕೊಂಡಿದೆ. ಮನಸ್ಸಿನ ಕಾಯಿಲೆಗೆ ಮಾತ್ರೆ ಕೊಟ್ಟಿದ್ದಾರೆ. ನೀವು ಹೋದಮೇಲೆ ತಲೆ ಬಾಚುವುದನ್ನೂ ಬಿಟ್ಟೆ, ಸೊಸೆ ಪುಷ್ಪಾಳನ್ನು ಬೈಯುವುದನ್ನೂ ಬಿಟ್ಟೆ. ಬೈಗುಳ ನಿಂತಿದ್ದಕ್ಕೇ ಅವಳಿಗೆ ಭಯವಾಗಿ ಇಂದಿರಾನಗರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

ಮಾತ್ರೆ ಶುರುವಾದ ವಾರ ನೆನೆಸಿಕೊಂಡರೆ ಈಗಲೂ... ಹೊಟ್ಟೆ ತೊಳಸುವುದು, ಕೈ ನಡುಗುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ. ದುಃಖ ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಇದು ಔಷಧವೋ, ನನ್ನನ್ನು ಬೇಗ ನಿಮ್ಮ ಹತ್ತಿರ ಕಳಿಸುವ ಉಪಾಯವೋ?

ನಿಮಗೆ ಆಪರೇಷನ್ ಆದಾಗ ತಿಮ್ಮಪ್ಪನಿಗೆ ಹೊತ್ತ ಹರಕೆ ನೆನಪಿದೆಯಾ? ಶನಿವಾರ ಒಪ್ಪತ್ತು, ಸಂಜೆ ದೀಪ ಹಚ್ಚುವ ತನಕ ಏನೂ ತಿನ್ನುವುದಿಲ್ಲ ಅಂತ. ನೀವು ಹೋದರೂ ಬಿಟ್ಟಿಲ್ಲ. ತಿಂಡಿಯಾದ ಮೇಲೆ ನುಂಗಬೇಕಾದ ಮಾತ್ರೆಯನ್ನು ಆ ವಾರದ ಶನಿವಾರ ಬರೀ ತುಳಸಿ ನೀರಲ್ಲಿ ನುಂಗಿದೆ. ಕರುಳೇ ಬಾಯಿಗೆ ಬಂತು. ಈ ಹಾಳು ಮಾತ್ರೆಯೇ ಬೇಡ ಅಂತ ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ. ಆಮೇಲೆ ತಲೆ ತಿರುಗಿ ಬಚ್ಚಲಲ್ಲಿ ಗೋಡೆ ಹಿಡಿದು ನಿಂತವಳನ್ನು ಪುಷ್ಪಾ ಮತ್ತೆ ಆಟೋ ಹತ್ತಿಸಿದಳು.

"ಅಜ್ಜಿ, ಒಪ್ಪತ್ತು ಅಂತ ಯಾಕೆ ಹೇಳ್ಲಿಲ್ಲ?" ಅಂದರು ಡಾಕ್ಟರಮ್ಮ.

"ನೀವು ಕೇಳಿದ್ರಾ? ಬಿ.ಪಿ. ಕೇಳಿದ್ರಿ, ಗ್ಯಾಸು ಕೇಳಿದ್ರಿ. ದೇವ್ರ ವಿಷ್ಯ ಕೇಳಿದ್ರಾ?"

ಪುಷ್ಪಾ ಅಳುತ್ತಲೇ ನಕ್ಕಳು. "ಬೈದ್ರು ಡಾಕ್ಟ್ರೇ! ನಮ್ಮತ್ತೆ ಬೈದ್ಬಿಟ್ರು!"

ಖಾಲಿ ಹೊಟ್ಟೆಗೆ ಬೇಡ, ಹೇಳದೆ ನಿಲ್ಲಿಸಬೇಡಿ, ತೊಂದರೆ ಮೊದಲು ಬರುತ್ತೆ, ಗುಣ ನಿಧಾನಕ್ಕೆ ಬರುತ್ತೆ ಅಂದರು. ಸಾಯಬೇಕು ಅನ್ನಿಸಿದರೆ ಒಳಗಿಟ್ಟುಕೊಳ್ಳದೆ ತಕ್ಷಣ ಹೇಳಿ ಅಂದರು. ಅನ್ನಿಸಿದೆ ರೀ. ಹೇಳಿದ್ದೇನೆ. ಪುಷ್ಪಾ ಈಗ ನನ್ನ ಪಕ್ಕದಲ್ಲೇ ಮಲಗುತ್ತಾಳೆ.

ಆದರೆ ನಿಮಗೋಸ್ಕರ ಅಂತ ಮಾಡಲು ನನಗೆ ಉಳಿದಿದ್ದು ಆ ಒಪ್ಪತ್ತೊಂದೇ. ಅದನ್ನೂ ಬಿಟ್ಟರೆ ನೀವು ಪೂರ್ತಿ...

ಇವತ್ತು ಶನಿವಾರ. ಬೆಳಿಗ್ಗೆ ಪುಷ್ಪಾ ಇಡ್ಲಿ ತಟ್ಟೆ ಮುಂದಿಟ್ಟಳು. ನಿಮ್ಮ ಫೋಟೋಗೆ ಬೆನ್ನು ಮಾಡಿ ಕೂತು ತಿಂದೆ. ಮಾತ್ರೆ ನುಂಗಿದೆ. ಕೈ ಇನ್ನೂ ನಡುಗುತ್ತಿದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ವಾಂತಿ ಬಂದಿಲ್ಲ.

ಬರುವ ಶನಿವಾರ ನಿಮ್ಮ ಮುಖ ನೋಡಿಕೊಂಡೇ ತಿನ್ನುತ್ತೇನೆ. ನೀವು ಮಾತ್ರ ಮುಖ ಸಿಂಡರಿಸಬೇಡಿ.